ಮಗು ಚೀಪುವ ನಿಪ್ಪಲ್ ಕುದಿಸುವುದು, ಒಣಗಿಸುವುದು, ಎತ್ತಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ನಿಪ್ಪಲ್ ಅಂದರೆ ಹಾಲಿನ ಬಾಟಲಿಯದ್ದಲ್ಲ. ಮಗು ಅಳು ನಿಲ್ಲಿಸಲಿ ಎಂದು ಸುಮ್ನೆ ಚೀಪಲು ಕೊಡುವ ನಿಪ್ಪಲ್. ಮೆಡಿಕಲ್ ಶಾಪಿನವರು ಪ್ಯಾಸಿಫೈಯರ್ ಅಂತಾರೆ, ಕೆಲವು ಡಬ್ಬಿಗಳ ಮೇಲೆ ಸೂದರ್ ಎಂದಿರುತ್ತದೆ. ಹೊಸ ಅಪ್ಪ ಅಮ್ಮಂದಿರು, ಬಾಣಂತನ ಮಾಡುವ ಅಜ್ಜಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಎಲ್ಲರೂ ಕುದಿಸುವ ಬಗ್ಗೆಯೇ ಕೇಳುತ್ತಾರೆ. ಆದರೆ ಮನೆಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಒಲೆಯ ಮೇಲಲ್ಲ. ಒಲೆಯಿಂದ ಇಳಿಸಿದ ಮೇಲೆ, ಒಣಗಿಸುವಾಗ.

## ಶುರುವಿಗೆ

ನಿಪ್ಪಲ್ ಕೊಡಬಹುದಾ, ಕೊಡಬಾರದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡೂ ಕಡೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲಿನ ಬಗ್ಗೆ ಹತ್ತು ಸೂತ್ರ ಹೊರಡಿಸಿದಾಗ, ಎದೆಹಾಲು ಕುಡಿಯುವ ಮಗುವಿಗೆ ಇಂಥ ನಿಪ್ಪಲ್ ಬೇಡವೇ ಬೇಡ ಎಂದಿದ್ದವು. 2018ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ನಿಪ್ಪಲ್ ಬಳಕೆ ಮತ್ತು ಅದರ ಅಪಾಯಗಳ ಬಗ್ಗೆ ತಾಯಿಗೆ ತಿಳಿಸಿ ಹೇಳಿ ಎಂದು ಬದಲಾಯಿಸಿದರು. ಇನ್ನೊಂದು ಕಡೆ, ಅಮೆರಿಕದ ಮಕ್ಕಳ ವೈದ್ಯರ ಸಂಘ ಮಲಗುವ ಹೊತ್ತಿಗೆ ನಿಪ್ಪಲ್ ಕೊಟ್ಟು ನೋಡಿ ಅನ್ನುತ್ತದೆ. ನಿದ್ದೆಯಲ್ಲೇ ಮಗು ಹಠಾತ್ತಾಗಿ ತೀರಿಕೊಳ್ಳುವ ಅಪಾಯ ಅದರಿಂದ ಕಡಿಮೆಯಾಗುತ್ತದೆ ಎಂಬುದು ಅವರ ಕಾರಣ. ಆದರೆ ಅವರೂ ಎದೆಹಾಲು ಚೆನ್ನಾಗಿ ಕುದುರುವ ತನಕ ಕಾಯಲು ಹೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಮೂರ್ನಾಲ್ಕು ವಾರ ಬೇಕು.

ನಿಪ್ಪಲ್ ಇಲ್ಲದೆಯೇ ಮಗು ಸುಮ್ಮನಾಗುತ್ತದೆ ಅಂದರೆ ತರುವ ಅಗತ್ಯವೇ ಇಲ್ಲ. ತಂದಿದ್ದರೆ ಮುಂದೆ ಓದಿ.

ಸೀಲ್ ಪ್ಯಾಕ್‌ನಲ್ಲೇ ಬಂದಿದೆ. ಹಾಗೇ ಬಾಯಿಗೆ ಕೊಡಬಹುದಲ್ವಾ?

ಬೇಡ. ಪ್ಯಾಕ್ ಮಾಡಿದ್ದು ಧೂಳು ಕೂರದಿರಲಿ ಅಂತ. ಸೋಪು ನೀರಲ್ಲಿ ತೊಳೆದು, 5 ನಿಮಿಷ ಕುದಿಸಿ, ಆರಿದ ಮೇಲೆ ಕೊಡಿ. ಹೊಸದಕ್ಕೆ ಒಂಥರಾ ರಬ್ಬರ್ ವಾಸನೆ ಇರುತ್ತದಲ್ಲ, ಅದೂ ಇದರಲ್ಲಿ ಸುಮಾರು ಹೋಗುತ್ತದೆ.

ಸಿಲಿಕೋನ್ ತಗೊಳ್ಳಲಾ, ರಬ್ಬರ್ ತಗೊಳ್ಳಲಾ?

ಶುಚಿಯಾಗಿ ಇಟ್ಟುಕೊಳ್ಳುವ ದೃಷ್ಟಿಯಿಂದ ಸಿಲಿಕೋನ್ ವಾಸಿ. ಅದು ಪಾರದರ್ಶಕ, ಒಳಗೆ ನೀರು ನಿಂತರೂ ಕೊಳೆ ಕೂತರೂ ಕಾಣುತ್ತದೆ. ದಿನಾ ಕುದಿಸಿದರೂ ತಡೆಯುತ್ತದೆ. ರಬ್ಬರಿನದ್ದು ಹಳದಿ ಅಥವಾ ಕಂದು ಬಣ್ಣಕ್ಕಿರುತ್ತದೆ. ಮೆತ್ತಗಿರುತ್ತದೆ, ಕೆಲವು ಮಕ್ಕಳಿಗೆ ಅದೇ ಇಷ್ಟ. ಆದರೆ ಬಿಸಿ ಮತ್ತು ಬಿಸಿಲು ತಾಗಿ ತಾಗಿ ಬೇಗ ಅಂಟಂಟಾಗುತ್ತದೆ, ಉಬ್ಬುತ್ತದೆ.

ಇನ್ನೊಂದು ಮಾತು. ಚೀಪುವ ತುದಿ, ತುಟಿಗೆ ತಾಗುವ ಬಿಲ್ಲೆ, ಹಿಡಿಯುವ ರಿಂಗು ಮೂರೂ ಸೇರಿ ಒಂದೇ ತುಂಡಾಗಿರುವ ಸಿಲಿಕೋನ್ ನಿಪ್ಪಲ್ ಸಿಗುತ್ತದೆ. ಸಂದಿಯೇ ಇಲ್ಲದ್ದರಿಂದ ತೊಳೆಯುವುದು ಸುಲಭ. ಜೋಡಿಸಿ ಮಾಡಿದ್ದರಲ್ಲಿ ಬಿಲ್ಲೆಗೆ ತುದಿ ಸೇರುವ ಕಡೆ ಒಂದು ಸಣ್ಣ ಗೆರೆ ಇರುತ್ತದೆ. ಜೊಲ್ಲು, ಹಾಲು ಎಲ್ಲ ಹೋಗಿ ಕೂರುವುದು ಅಲ್ಲೇ.

ಜಾತ್ರೆಯಲ್ಲಿ, ಫುಟ್‌ಪಾತ್‌ನಲ್ಲಿ ಸಿಗುವ ಬಣ್ಣ ಬಣ್ಣದ, ಮಣಿ ಗಿಲಕಿ ಅಂಟಿಸಿದ ನಿಪ್ಪಲ್ ಬೇಡ. ಎಷ್ಟು ಶುದ್ಧ ಮಾಡಿದರೂ ಅದರ ಮಣಿ ಕಿತ್ತು ಗಂಟಲಿಗೆ ಹೋಗುವ ಭಯ ತಪ್ಪಲ್ಲ. ಬಾಟಲಿ ನಿಪ್ಪಲ್ಲಿಗೆ ಹತ್ತಿ ತುರುಕಿ ಚೀಪಲು ಕೊಡುವುದೂ ಇದೇ ಲೆಕ್ಕ. ಮಾಡಲೇಬೇಡಿ.

ಒಂದು ನಿಪ್ಪಲ್ ಸಾಕಾಗಲ್ವಾ?

ಸಾಕಾಗಲ್ಲ. ಒಂದೇ ಇದ್ದರೆ ಅದು ಒಣಗುವ ತನಕ ಮಗು ಕಾಯಲ್ಲ, ಒದ್ದೆಯಲ್ಲೇ ಕೊಡುತ್ತೀರಿ. ಒಂದು ಬಾಯಲ್ಲಿ, ಒಂದು ಒಣಗುತ್ತಾ, ಒಂದೆರಡು ಡಬ್ಬಿಯಲ್ಲಿ. ಮೂರ್ನಾಲ್ಕು ಇದ್ದರೆ ಆರಾಮ.

## ತೊಳೆಯುವುದು, ಕುದಿಸುವುದು

ಕುದಿಸುವ ಸರಿಯಾದ ಕ್ರಮ ಯಾವುದು? ಎಷ್ಟು ನಿಮಿಷ?

ಮೊದಲು ತೊಳೆಯಬೇಕು. ಇದನ್ನು ಬಿಟ್ಟು ನೇರ ಕುದಿಯುವ ನೀರಿಗೆ ಹಾಕುವವರೇ ಜಾಸ್ತಿ. ಒಣಗಿದ ಜೊಲ್ಲು, ಹಾಲಿನ ಜಿಡ್ಡು ನಿಪ್ಪಲ್ ಮೇಲೆ ತೆಳುವಾಗಿ ಪದರ ಕಟ್ಟಿರುತ್ತದೆ. ಕುದಿಸಿದರೆ ಆ ಪದರ ಹೋಗಲ್ಲ, ಅಲ್ಲೇ ಗಟ್ಟಿಯಾಗುತ್ತದೆ. ನಿಮ್ಮ ಕೈ ಮೊದಲು ಸೋಪಲ್ಲಿ ತೊಳೆಯಿರಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಬೆರಳಲ್ಲೇ ಉಜ್ಜಿ. ಸಂದಿಗೆ ಮಾತ್ರ ಮೆತ್ತನೆಯ ಬ್ರಷ್. ಅದು ಈ ಕೆಲಸಕ್ಕೇ ಇಟ್ಟ ಬ್ರಷ್ ಆಗಿರಲಿ. ಪಾತ್ರೆ ಉಜ್ಜುವ ಸ್ಕ್ರಬ್ ಬೇಡ, ಗೀರು ಬೀಳುತ್ತದೆ, ಗೀರಿನಲ್ಲಿ ಕ್ರಿಮಿ ಕೂರುತ್ತದೆ.

ಕುದಿಸಲು ಒಂದು ಸಣ್ಣ ಸ್ಟೀಲ್ ಪಾತ್ರೆ ಬೇರೆಯೇ ಇಟ್ಟುಕೊಳ್ಳಿ. ಸಾರು ಮಾಡುವ ಪಾತ್ರೆಯಲ್ಲಿ ಕುದಿಸಿದರೆ ಸಿಲಿಕೋನ್ ಆ ವಾಸನೆ ಹೀರಿಕೊಳ್ಳುತ್ತದೆ. ನಿಪ್ಪಲ್ ಪೂರ್ತಿ ಮುಳುಗುವಷ್ಟು ನೀರಿರಲಿ. ಅದು ತೇಲುವುದರಿಂದ ಆಗಾಗ ಚಮಚದಲ್ಲಿ ಒತ್ತಿ ಮುಳುಗಿಸಿ. ನೀರು ತಳಮಳ ಕುದಿಯಲು ಶುರುವಾದ ಮೇಲಿಂದ ಲೆಕ್ಕ. ಹೆಚ್ಚಿನ ನಿಪ್ಪಲ್ ಡಬ್ಬಿಗಳು 5 ನಿಮಿಷ ಅನ್ನುತ್ತವೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯವರು ಮಗುವಿನ ಹಾಲಿನ ಸಾಮಾನುಗಳಿಗೆ ಕನಿಷ್ಠ 10 ನಿಮಿಷ ಹೇಳುತ್ತಾರೆ. ಸಿಲಿಕೋನ್ ಆದರೆ 10 ನಿಮಿಷ ಕುದಿಸಿದರೂ ನಷ್ಟವಿಲ್ಲ. ರಬ್ಬರಿಗೆ 5 ಸಾಕು.

ಇಕ್ಕಳದ ತುದಿಯನ್ನೂ ಅದೇ ನೀರಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಅದರಲ್ಲಿ ಎತ್ತಿ. ಈಗ ಮುಖ್ಯವಾದ ಎಚ್ಚರಿಕೆ. ಟೊಳ್ಳು ನಿಪ್ಪಲ್ ಒಳಗೆ ಕುದಿಯುವ ನೀರು ಸೇರಿಕೊಂಡಿರುತ್ತದೆ. ಹೊರಗೆ ಮುಟ್ಟಿದರೆ ತಣ್ಣಗೆ ಅನ್ನಿಸಿದರೂ ಒಳಗಿನ ನೀರು ಸುಡುತ್ತಿರಬಹುದು. ಮಗು ಚೀಪಿದರೆ ಅದು ಸೀದಾ ನಾಲಿಗೆ ಮೇಲೆ. ಪೂರ್ತಿ ತಣಿಯಲು ಬಿಟ್ಟು, ತೊಳೆದ ಕೈಯಲ್ಲಿ ಹಿಂಡಿ ನೀರು ತೆಗೆಯಿರಿ. ನಿಮ್ಮ ಮುಂಗೈಗೆ ಒತ್ತಿ ನೋಡಿಯೇ ಮಗುವಿಗೆ ಕೊಡಿ.

ಬೆಂಗಳೂರಲ್ಲಿ ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುತ್ತಂತೆ. ಹಾಗಾದ್ರೆ ಕ್ರಿಮಿ ಸಾಯಲ್ವಾ?

ಸಾಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಮಗುವಿನ ಹೊಟ್ಟೆ ಕೆಡಿಸುವ ಸಾಮಾನ್ಯ ಕ್ರಿಮಿಗಳಿಗೆ ಅಷ್ಟು ಬಿಸಿ ಧಾರಾಳವಾಯ್ತು.

ಇಡ್ಲಿ ಪಾತ್ರೆಯಲ್ಲಿ ಹಬೆ ಕೊಟ್ಟರೆ ಆಗಲ್ವಾ? ಕುಕ್ಕರ್?

ಇಡ್ಲಿ ಪಾತ್ರೆ ಚೆನ್ನಾಗಿ ಆಗುತ್ತದೆ. ಅಂಗಡಿಯ ಸ್ಟೀಮ್ ಸ್ಟೆರಿಲೈಸರ್ ಮಾಡುವ ಕೆಲಸವೂ ಅಷ್ಟೇ, ಹಬೆ ಕೊಡುವುದು. ತಟ್ಟೆಯ ಎಣ್ಣೆ ಜಿಡ್ಡು ಪೂರ್ತಿ ಹೋಗುವಂತೆ ತೊಳೆಯಿರಿ. ನಿಪ್ಪಲ್‌ನ ತೂತು ಕೆಳಮುಖವಾಗಿರಲಿ, ಒಳಗೆ ನೀರು ನಿಲ್ಲಲ್ಲ. ಚೆನ್ನಾಗಿ ಹಬೆ ಬರಲು ಶುರುವಾದ ಮೇಲೆ 10 ನಿಮಿಷ.

ಕುಕ್ಕರ್‌ಗೆ ವಿಷಲ್ ಹಾಕಿ ಕೂಗಿಸಬೇಡಿ. ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಆಸ್ಪತ್ರೆಯಲ್ಲಿ ಸಾಮಾನುಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರ ಕೆಲಸ ಮಾಡುವುದು ಇದೇ ಬಿಸಿಯಲ್ಲಿ ನಿಜ. ಆದರೆ ನಿಪ್ಪಲ್‌ನ ಪ್ಲಾಸ್ಟಿಕ್ ಬಿಲ್ಲೆ, ರಿಂಗು ಅದಕ್ಕೆಂದು ಮಾಡಿದ್ದಲ್ಲ, ಸೊಟ್ಟಗಾಗಬಹುದು. ವಿಷಲ್ ತೆಗೆದು ಬರೀ ಹಬೆಯಲ್ಲಿ ಇಟ್ಟರೆ ಪರವಾಗಿಲ್ಲ.

ದಿನಕ್ಕೆ ಎಷ್ಟು ಸಲ? ಕೆಳಗೆ ಬಿದ್ದಾಗಲೆಲ್ಲ ಕುದಿಸಬೇಕಾ?

ಎಳೆ ಮಗುವಿಗೆ ದಿನಕ್ಕೊಂದು ಸಲ, ಅವತ್ತು ಬಳಸಿದ್ದನ್ನೆಲ್ಲ ಒಟ್ಟಿಗೆ ಕುದಿಸಿಬಿಡಿ. ಮಧ್ಯೆ ಹಾಸಿಗೆ ಮೇಲೋ, ಒರೆಸಿದ ನೆಲದ ಮೇಲೋ ಬಿದ್ದರೆ ಸೋಪು ನೀರಲ್ಲಿ ತೊಳೆದು, ಕುದಿಸಿ ಆರಿಸಿದ ನೀರಲ್ಲಿ ಜಾಲಾಡಿ ಕೊಟ್ಟರೆ ಸಾಕು. ಬಚ್ಚಲು, ಚಪ್ಪಲಿ ಬಿಡುವ ಜಾಗ, ರಸ್ತೆ, ಆಸ್ಪತ್ರೆ ನೆಲ ಇಲ್ಲಿ ಬಿದ್ದರೆ ಕುದಿಸದೆ ಕೊಡಬೇಡಿ. ‘ಬಿದ್ದ ಕೂಡಲೇ ಎತ್ತಿದೆ’ ಎಂಬುದು ಲೆಕ್ಕಕ್ಕಿಲ್ಲ. ನಿಪ್ಪಲ್ ಒದ್ದೆ ಇರುತ್ತದೆ, ನೆಲದ ಕೊಳೆ ತಕ್ಷಣ ಮೆತ್ತುತ್ತದೆ.

ಗೀಸರ್ ಬಿಸಿನೀರು ಸಾಲದಾ? ಡೆಟಾಲ್ ಹಾಕಿ ತೊಳೆದರೆ?

ಗೀಸರ್ ನೀರು ತೊಳೆಯುವುದಕ್ಕೆ ಆಯ್ತು, ಕ್ರಿಮಿ ಕೊಲ್ಲುವುದಕ್ಕೆ ಸಾಲದು. ಡೆಟಾಲ್‌ನಂಥವು ಗಾಯಕ್ಕೆ, ನೆಲಕ್ಕೆ. ಮಗು ಚೀಪುವ ವಸ್ತುವಿಗೆ ಅದು ಬೇಡವೇ ಬೇಡ.

ಮೈಕ್ರೋವೇವ್, ಕರೆಂಟ್ ಸ್ಟೆರಿಲೈಸರ್, ಯುವಿ ಡಬ್ಬಿ ಇದೆಲ್ಲ ಬೇಕಾ?

ಬರೀ ನಿಪ್ಪಲ್‌ಗೋಸ್ಕರ ಬೇಡ. ಬಾಟಲಿ, ಹಾಲು ಹಿಂಡುವ ಪಂಪ್ ಎಲ್ಲ ದಿನಾ ಇದ್ದರೆ ಕರೆಂಟಿನ ಸ್ಟೀಮ್ ಸ್ಟೆರಿಲೈಸರ್ ನಿಜಕ್ಕೂ ಕೆಲಸ ಹಗುರ ಮಾಡುತ್ತದೆ. ಮೈಕ್ರೋವೇವ್‌ನಲ್ಲಿ ಮಾಡುವುದಾದರೆ ಅದಕ್ಕೆಂದೇ ಸಿಗುವ ಡಬ್ಬಿಯಲ್ಲಿ, ಹೇಳಿದಷ್ಟು ನೀರು ಹಾಕಿಯೇ ಮಾಡಬೇಕು. ನೀರಿಲ್ಲದೆ ಇಟ್ಟರೆ ನಿಪ್ಪಲ್ ಹಾಳು. ಯುವಿ ಅಂದರೆ ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು, ಅದು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ನೆರಳಾದ ಕಡೆ, ಸಂದಿಯಲ್ಲಿ, ಜಿಡ್ಡಿನ ಕೆಳಗೆ ಏನೂ ಆಗಲ್ಲ. ನಿಪ್ಪಲ್‌ನಲ್ಲಿ ತೊಂದರೆ ಇರುವುದೇ ಸಂದಿಯಲ್ಲಿ ಅಲ್ವಾ? ಹಾಗಾಗಿ ನಾನು ಅದಕ್ಕೆ ದುಡ್ಡು ಹಾಕಿ ಅನ್ನಲ್ಲ.

ಮಗಳ ಬಾಣಂತನಕ್ಕೆ ಲಂಡನ್‌ಗೆ ಬಂದಿದ್ದೀನಿ. ಇಲ್ಲಿ ತಣ್ಣೀರಿಗೆ ಮಾತ್ರೆ ಹಾಕಿ ಅದರಲ್ಲೇ ನೆನೆಸಿಡ್ತಾರೆ. ಅದನ್ನ ನಂಬಬಹುದಾ?

ನಂಬಬಹುದಮ್ಮ. ಅದು ಕ್ಲೋರಿನ್ ಮಾತ್ರೆ, ಅಲ್ಲಿ ತುಂಬ ವರ್ಷದಿಂದ ಬಳಸುತ್ತಿದ್ದಾರೆ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರು ಹಾಕಿ. ತೊಳೆದ ನಿಪ್ಪಲ್ ಕನಿಷ್ಠ 30 ನಿಮಿಷ ಪೂರ್ತಿ ಮುಳುಗಿರಬೇಕು. ಟೊಳ್ಳಿನೊಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗಕ್ಕೆ ಮದ್ದು ತಾಗಲ್ಲ, ನೀರಿನೊಳಗೇ ಹಿಂಡಿ ಗುಳ್ಳೆ ಬಿಡಿಸಿ. 24 ಗಂಟೆಗೊಮ್ಮೆ ನೀರು ಬದಲಿಸಿ. ತೆಗೆದ ಮೇಲೆ ವಾಸನೆ ಇಷ್ಟವಾಗದಿದ್ದರೆ ಕುದಿಸಿ ಆರಿಸಿದ ನೀರಲ್ಲಿ ಜಾಲಾಡಿ, ನಲ್ಲಿ ನೀರಲ್ಲಿ ಬೇಡ.

ನಮ್ಮದು ಬೋರ್‌ವೆಲ್ ನೀರು. ಕುದಿಸಿದ ಮೇಲೆ ನಿಪ್ಪಲ್ ಮೇಲೆ ಬಿಳಿ ಪುಡಿ ಕೂರುತ್ತೆ.

ಗಡಸು ನೀರಿನ ಸುಣ್ಣದಂಶ ಅದು. ಕ್ರಿಮಿಯಲ್ಲ, ವಿಷವೂ ಅಲ್ಲ. ಆದರೆ ಮೇಲ್ಮೈ ದೊರಗಾದರೆ ಕೊಳೆ ಹಿಡಿಯುವುದು ಜಾಸ್ತಿ. ಕುಡಿಯುವ ಫಿಲ್ಟರ್ ನೀರಲ್ಲೇ ಕುದಿಸಿ, ಒಂದು ಲೋಟ ನೀರು ಸಾಕಾಗುತ್ತದೆ. ಈಗಾಗಲೇ ಕೂತಿರುವುದಕ್ಕೆ ನೀರಲ್ಲಿ ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿ, ಆಮೇಲೆ ಚೆನ್ನಾಗಿ ತೊಳೆದು ಕುದಿಸಿ.

## ಒಣಗಿಸುವುದು, ಎತ್ತಿಡುವುದು

ಕುದಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿಬಿಡಬಹುದಾ?

ಬೇಡ. ಅಡುಗೆಮನೆ ಬಟ್ಟೆಯಂತೂ ಮುಟ್ಟಿಸಲೇಬೇಡಿ. ಕಟ್ಟೆ ಒರೆಸಿ, ಕೈ ಒರೆಸಿ, ಅರ್ಧ ಒದ್ದೆಯಲ್ಲೇ ನೇತಾಡುವ ಬಟ್ಟೆ ಅದು. ಹತ್ತು ನಿಮಿಷ ಕುದಿಸಿದ್ದು ಒಂದು ಸಲ ಒರೆಸಿದರೆ ದಂಡ. ನೀರು ಕೊಡವಿ, ತೊಳೆದ ಸ್ಟೀಲ್ ಜರಡಿಯ ಮೇಲೆ ತೂತು ಕೆಳಗಾಗಿ ಇಡಿ. ಮೇಲೊಂದು ಒಗೆದು ಒಣಗಿಸಿದ ತೆಳು ಹತ್ತಿ ಬಟ್ಟೆ ಮುಚ್ಚಿ, ನೊಣ ಕೂರದಂತೆ. ಗಾಳಿಗೆ ತಾನೇ ಒಣಗಲಿ.

ನಿಪ್ಪಲ್ ಒಳಗೆ ನೀರು ಹಾಗೇ ನಿಂತಿದೆ. ಎಷ್ಟು ಒದರಿದರೂ ಹೋಗಲ್ಲ.

ಒದರಿದರೆ ಹೋಗಲ್ಲ, ಹಿಂಡಬೇಕು. ತೊಳೆದ ಹೆಬ್ಬೆರಳು, ತೋರುಬೆರಳಿನಲ್ಲಿ ತುದಿಯನ್ನು ಚಪ್ಪಟೆ ಒತ್ತಿ, ತೂತು ಕೆಳಗೆ ಮಾಡಿ, ಹಾಗೇ ಒತ್ತಿ ಹಿಡಿದು ಕೊಡವಿ. ಮೂರ್ನಾಲ್ಕು ಸಲ ಮಾಡಿದರೆ ಹನಿ ನಿಲ್ಲುತ್ತದೆ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಮಂಜು ಕಟ್ಟಿದಂತೆ ಕಂಡರೆ ಇನ್ನೂ ಒಣಗಿಲ್ಲ ಎಂದರ್ಥ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಳಗೆ ಉಳಿದ ನೀರಿಗೆ ಜೊಲ್ಲು ಸೇರಿದರೆ ಬೂಸ್ಟು ಬೆಳೆಯಲು ಬೇಕಾದ್ದೆಲ್ಲ ಸಿಕ್ಕಿದ ಹಾಗೆ. ಸಣ್ಣ ಕಪ್ಪು ಚುಕ್ಕೆ ಕಂಡರೆ ಅದು ಬೂಸ್ಟು. ಅಂಥದ್ದನ್ನು ಕುದಿಸಿ ಉಳಿಸಿಕೊಳ್ಳಲು ಹೋಗಬೇಡಿ, ಬಿಸಾಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಏನೂ ಒಣಗಲ್ಲ. ಏನು ಮಾಡೋದು?

ತೀರ್ಥಹಳ್ಳಿ, ಆಗುಂಬೆ, ಮಡಿಕೇರಿ ಕಡೆಯವರು ಜುಲೈ ಬಂತೆಂದರೆ ಇದನ್ನೇ ಕೇಳುತ್ತಾರೆ. ಬಟ್ಟೆಯೇ ವಾರ ಒಣಗದ ಕಡೆ ನಿಪ್ಪಲ್ ಎಲ್ಲಿ ಒಣಗುತ್ತದೆ! ಟೊಳ್ಳಿಲ್ಲದ ಅಥವಾ ಅಗಲ ಬಾಯಿಯ ಒಂದೇ ತುಂಡಿನ ನಿಪ್ಪಲ್ ಆರಿಸಿಕೊಂಡರೆ ಅರ್ಧ ಕಷ್ಟ ಕಮ್ಮಿ. ಬಿಸಿ ಇದ್ದಾಗಲೇ ಇಕ್ಕಳದಲ್ಲಿ ಕೊಡವಿ ಜರಡಿಗೆ ಹಾಕಿದರೆ ಹೊರಗಿನ ನೀರು ಬೇಗ ಆರುತ್ತದೆ, ಒಳಗಿನದ್ದನ್ನು ಮಾತ್ರ ತಣಿದ ಮೇಲೆ ಹಿಂಡಿ. ಫ್ಯಾನ್ ಇರುವ ಕೋಣೆಯಲ್ಲಿಡಿ. ಬಚ್ಚಲ ಒಲೆಯ ಮೇಲೆ, ಹೊಗೆಯಾಡುವ ಕಡೆ ಇಡಬೇಡಿ. ಎಷ್ಟಾದರೂ ಒಣಗುತ್ತಿಲ್ಲ ಅಂದರೆ ಡಬ್ಬಿಯಲ್ಲಿ ಎತ್ತಿಡುವ ಆಸೆಯೇ ಬಿಡಿ. ಬೇಕಾದಾಗ ಕುದಿಸಿ, ತಣಿಸಿ, ಹಿಂಡಿ, ಆಗಲೇ ಕೊಡಿ. ಒದ್ದೆ ನಿಪ್ಪಲ್ ಮುಚ್ಚಿಟ್ಟ ಡಬ್ಬಿಗಿಂತ ಅದೇ ಮೇಲು.

ಎಲ್ಲಿ ಎತ್ತಿಡಬೇಕು? ಮಗುವಿನ ಬಟ್ಟೆ ಜೊತೆ ಬೀರುವಿನಲ್ಲಿ ಇಡ್ತೀವಿ.

ಬೀರುವಿನಲ್ಲಿ ನುಸಿಗುಳಿಗೆ ಇದೆಯಾ ನೋಡಿ. ಇದ್ದರೆ ನಿಪ್ಪಲ್ ಮಾತ್ರವಲ್ಲ, ಮಗುವಿನ ಬಟ್ಟೆಯನ್ನೂ ಅಲ್ಲಿಂದ ತೆಗೆಯಿರಿ. ಬಿಳಿ ನುಸಿಗುಳಿಗೆಯಲ್ಲಿ ನ್ಯಾಫ್ತಲೀನ್ ಇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಆ ಕೊರತೆ ಇದೆ ಎಂದು ಎಷ್ಟೋ ಮನೆಗಳಲ್ಲಿ ಮೊದಲೇ ಗೊತ್ತಿರುವುದೂ ಇಲ್ಲ.

ಜಾಗ ಸರಳ. ಮುಚ್ಚಳ ಇರುವ ಸಣ್ಣ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ, ಅದನ್ನೂ ತೊಳೆದು ಒಣಗಿಸಿದ್ದು, ಒಲೆ ಮತ್ತು ಸಿಂಕ್‌ನಿಂದ ದೂರ. ಕಿಟಕಿಯ ಬಿಸಿಲು ಬೇಡ. ಡಬ್ಬಿಯನ್ನೂ ಎರಡು ದಿನಕ್ಕೊಮ್ಮೆ ತೊಳೆಯಿರಿ, ಇದನ್ನು ಬಹಳ ಜನ ಮರೆಯುತ್ತಾರೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ. ತೊಟ್ಟಿಲ ಪಕ್ಕ ತೆರೆದಿಟ್ಟರೆ ಇರುವೆ, ಜಿರಲೆ ಹುಡುಕಿಕೊಂಡು ಬರುತ್ತವೆ. ಮಗುವಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹಾಕುವ ಮನೆಯಾದರೆ ಆ ಕೋಣೆಯಲ್ಲಿ ನಿಪ್ಪಲ್ ಇರುವುದು ಬೇಡ, ಹೊಗೆಯ ಮಸಿ ಸಿಲಿಕೋನ್‌ಗೆ ಅಂಟುತ್ತದೆ.

ಕುದಿಸಿ ಡಬ್ಬಿಯಲ್ಲಿಟ್ಟದ್ದು ಎಷ್ಟು ದಿನ ಇರುತ್ತೆ?

ಒಂದು ದಿನದ ಲೆಕ್ಕ ಇಟ್ಟುಕೊಳ್ಳಿ. ಡಬ್ಬಿ ಮತ್ತೆ ಮತ್ತೆ ತೆಗೆದು ಕೈ ಹಾಕುತ್ತೀರಿ, ಅದರಿಂದ ನಾಳೆಗೆ ಮತ್ತೆ ಕುದಿಸುವುದು ಒಳ್ಳೆಯದು. ತೆಗೆಯುವಾಗ ರಿಂಗು ಹಿಡಿದು ತೆಗೆಯಿರಿ, ಚೀಪುವ ತುದಿ ಹಿಡಿದಲ್ಲ.

## ಹೊರಗೆ ಹೋದಾಗ, ಮನೆ ತುಂಬ ಜನ ಇದ್ದಾಗ

ಬಸ್ಸಲ್ಲಿ ಬಿದ್ದುಹೋಯ್ತು, ಮಗು ಅಳ್ತಿದೆ. ವೆಟ್ ವೈಪ್‌ನಲ್ಲಿ ಒರೆಸಿ ಕೊಡಬಹುದಾ?

ವೈಪ್ಸ್ ಮಗುವಿನ ಚರ್ಮಕ್ಕೆ ಮಾಡಿದ್ದು, ಬಾಯಿಗಲ್ಲ. ಅದರ ರಾಸಾಯನಿಕ ನಿಪ್ಪಲ್ ಮೇಲೆ ಉಳಿಯುತ್ತದೆ. ಹೊರಡುವಾಗಲೇ ಎರಡು ಮೂರು ಒಣ ನಿಪ್ಪಲ್, ಪ್ರತಿಯೊಂದೂ ಬೇರೆ ಬೇರೆ ಸಣ್ಣ ಡಬ್ಬಿಯಲ್ಲಿ. ಬಿದ್ದದ್ದನ್ನು ಹಾಕಲು ಇನ್ನೊಂದು ಖಾಲಿ ಡಬ್ಬಿ. ಕಲ್ಯಾಣ ಮಂಟಪದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬಿದ್ದದ್ದನ್ನು ತೊಳೆಯುವ ಸಾಹಸ ಬೇಡ, ಬೇರೆಯದ್ದು ಕೊಡಿ.

ಬಿದ್ದ ನಿಪ್ಪಲ್ ನಾನೇ ಚೀಪಿ ಕೊಟ್ಟರೆ ಒಳ್ಳೇದು ಅಂತ ಎಲ್ಲೋ ಓದಿದೆ. ನಿಜಾನಾ?

ನೀವು ಓದಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಅಧ್ಯಯನ ಇರಬೇಕು. 2013ರಲ್ಲಿ ಪ್ರಕಟವಾಯಿತು. 184 ಮಕ್ಕಳನ್ನು ಗಮನಿಸಿದಾಗ, ಅಪ್ಪ ಅಮ್ಮ ನಿಪ್ಪಲ್ ಚೀಪಿ ಕೊಟ್ಟ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಎಕ್ಸಿಮಾ ಎಂಬ ಚರ್ಮದ ತುರಿಕೆ ಮತ್ತು ಆಸ್ತಮಾ ಕಡಿಮೆ ಕಂಡಿತ್ತು. ಅಧ್ಯಯನ ಸಣ್ಣದು. ಚೀಪಿದ್ದರಿಂದಲೇ ಹಾಗಾಯಿತು ಎಂದು ಅದರಿಂದ ಖಡಾಖಂಡಿತ ಹೇಳಲು ಬರಲ್ಲ.

ಇನ್ನೊಂದು ಕಡೆಯ ಲೆಕ್ಕ ಗಟ್ಟಿಯಾಗಿದೆ. ಹಲ್ಲು ಹುಳುಕು ಮಾಡುವ ಕ್ರಿಮಿ, ನೆಗಡಿ, ತುಟಿಯ ಮೇಲೆ ಏಳುವ ಹರ್ಪಿಸ್ ಗುಳ್ಳೆಯ ವೈರಸ್ ಎಲ್ಲ ಜೊಲ್ಲಿನಲ್ಲೇ ದಾಟುವುದು. ಹರ್ಪಿಸ್ ಎಳೆ ಕೂಸಿಗೆ ತುಂಬ ಅಪಾಯ. ನಮ್ಮ ಮನೆಗಳಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಹಿರಿಯರೂ ಇರುತ್ತಾರೆ. ಹಾಗಾಗಿ ಬೇಡ. ಅಜ್ಜಿಗೆ ಹೇಳಲು ಸಂಕೋಚವಾದರೆ ‘ಡಾಕ್ಟರ್ ಬೇಡ ಅಂದಿದ್ದಾರೆ’ ಅನ್ನಿ. ಯಾವ ಡಾಕ್ಟರನ್ನು ಕೇಳಿದರೂ ಹಾಗೇ ಹೇಳುತ್ತಾರೆ.

ಬೀಳದಿರಲಿ ಅಂತ ಕರಿದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿದ್ದೀವಿ.

ಈಗಲೇ ಬಿಚ್ಚಿ. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಅಂಗಿಗೆ ಕ್ಲಿಪ್ ಹಾಕುವ ಪಟ್ಟಿ ಸಿಗುತ್ತದೆ. ಯುರೋಪಿನ ನಿಯಮದಲ್ಲಿ ಅದರ ಉದ್ದ 22 ಸೆಂಟಿಮೀಟರ್ ಮೀರುವಂತಿಲ್ಲ. ಅದನ್ನೂ ಮಗು ಎಚ್ಚರ ಇದ್ದಾಗ ಮಾತ್ರ ಹಾಕಿ, ತೊಟ್ಟಿಲಲ್ಲಿ ಮಲಗಿಸುವಾಗ ತೆಗೆಯಿರಿ. ಬಟ್ಟೆಯ ಪಟ್ಟಿಯಾದರೆ ಅದನ್ನೂ ಒಗೆಯಬೇಕು, ದಿನವಿಡೀ ಜೊಲ್ಲಲ್ಲಿ ನೆನೆದಿರುತ್ತದೆ.

ಜೇನುತುಪ್ಪ ಅಥವಾ ಸಕ್ಕರೆಯಲ್ಲಿ ಅದ್ದಿ ಕೊಟ್ಟರೆ ಬೇಗ ಸುಮ್ಮನಾಗುತ್ತೆ. ಕೊಡಬಹುದಾ?

ಒಂದು ವರ್ಷದ ಒಳಗೆ ಜೇನು ನೆಕ್ಕಿಸುವುದೇ ಬೇಡ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಎಳೆ ಕರುಳಿನಲ್ಲಿ ಅದು ಮೊಳೆತು ವಿಷ ಬಿಡುತ್ತದೆ, ಮಗುವಿನ ಸ್ನಾಯು ಸೋಲುತ್ತದೆ. 2018ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಜೇನು ತುಂಬಿದ ನಿಪ್ಪಲ್ ಚೀಪಿದ ನಾಲ್ಕು ಕೂಸುಗಳು ಹೀಗೆ ಆಸ್ಪತ್ರೆ ಸೇರಿದವು. ಆ ಬೀಜಕಣ ಮನೆಯಲ್ಲಿ ಕುದಿಸಿದರೂ ಸಾಯಲ್ಲ. ಸಕ್ಕರೆ, ಬೆಲ್ಲದ ನೀರು ಹಲ್ಲಿಗೆ ಕೇಡು, ಇರುವೆಗೆ ಹಬ್ಬ. ನಿಪ್ಪಲ್ ಕೊಡುವುದಾದರೆ ಏನೂ ಹಚ್ಚದೆ ಕೊಡಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಮಗುವಿನ ಬಾಯಲ್ಲಿ ಬಿಳಿ ಪದರ ಆಗಿದೆ, ಒರೆಸಿದರೂ ಹೋಗಲ್ಲ. ನಿಪ್ಪಲ್‌ನಿಂದ ಬಂತಾ?

ಹಾಲಿನ ಕರೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೋಗುತ್ತದೆ. ಹೋಗದಿದ್ದರೆ ತ್ರಶ್ ಎಂಬ ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ. ಎಲ್ಲಿಂದ ಬಂತು ಅನ್ನುವುದು ಕಷ್ಟ. ಆದರೆ ನಿಪ್ಪಲ್ ಮೇಲೆ ಅದು ಉಳಿದುಕೊಂಡು, ಔಷಧಿ ಹಾಕಿದ ಬಾಯಿಗೇ ಮತ್ತೆ ಬರುವುದುಂಟು. ಔಷಧಿ ನಡೆಯುವಷ್ಟು ದಿನ ಬಳಸಿದ ಪ್ರತಿ ನಿಪ್ಪಲ್ ದಿನಾ ಕುದಿಸಿ. ವಾಸಿಯಾದ ಮೇಲೆ ಹಳೆಯವನ್ನೆಲ್ಲ ಬಿಸಾಡಿ ಹೊಸದು ತನ್ನಿ. ಎದೆಹಾಲು ಕೊಡುತ್ತಿದ್ದರೆ ನಿಮ್ಮ ಮೊಲೆತೊಟ್ಟಿಗೂ ಔಷಧಿ ಬೇಕಾ ಎಂದು ಕೇಳಿ. ಉರಿ, ನೋವು ಇದ್ದರೆ ಕೇಳಲೇಬೇಕು.

ಏಳೇ ತಿಂಗಳಿಗೆ ಹುಟ್ಟಿದ ಮಗು. ಇದೇ ಕ್ರಮ ಸಾಕಾ?

ಇಲ್ಲಿ ಹೇಳಿದ್ದು ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಗುವಿಗೆ ಮನೆಗೆ ಕಳಿಸುವಾಗ ನರ್ಸ್ ಹೇಳಿಕೊಟ್ಟ ಕ್ರಮವನ್ನೇ ಪಾಲಿಸಿ. ಪ್ರತಿ ಸಲ ಬಳಸಿದ ಮೇಲೂ ಕುದಿಸಿ ಎಂದಿದ್ದರೆ ಪ್ರತಿ ಸಲವೂ.

ಎಷ್ಟು ತಿಂಗಳ ತನಕ ಕುದಿಸಬೇಕು?

ಅಮೆರಿಕದಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ, 6 ತಿಂಗಳ ತನಕ ಆಗಾಗ ಕುದಿಸಿ, ಆಮೇಲೆ ಸೋಪು ಬಿಸಿನೀರು ಸಾಕು ಅಂತ. ಬ್ರಿಟನ್ನಿನವರು ಬಾಟಲಿ, ಬಾಟಲಿ ನಿಪ್ಪಲ್‌ಗಳನ್ನು 12 ತಿಂಗಳ ತನಕ ಸ್ಟೆರಿಲೈಸ್ ಮಾಡಲು ಹೇಳುತ್ತಾರೆ. ನಮ್ಮಲ್ಲಿ ಟ್ಯಾಂಕರ್ ನೀರು, ಸಂಪಿನ ನೀರು, ದಿನ ಬಿಟ್ಟು ದಿನ ಬರುವ ನಲ್ಲಿ ನೀರು. ಅದನ್ನು ನೋಡಿದರೆ ಒಂದು ವರ್ಷದ ಲೆಕ್ಕವೇ ಸರಿ ಅನ್ನಿಸುತ್ತದೆ. ‘ಅಂಬೆಗಾಲಿಟ್ಟು ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗೆ ಹಾಕ್ತಾನೆ, ಇನ್ಯಾಕೆ ಕುದಿಸೋದು’ ಎಂದು ಕೇಳುವವರಿದ್ದಾರೆ. ಆಟಿಕೆ ಒಂದು ಗಳಿಗೆ ಬಾಯಲ್ಲಿರುತ್ತದೆ. ನಿಪ್ಪಲ್ ಗಂಟೆಗಟ್ಟಲೆ ಇರುತ್ತದೆ, ಸದಾ ಒದ್ದೆ. 6 ತಿಂಗಳಾದ ಮೇಲೆ ನಿಪ್ಪಲ್ ಕೊಡುವುದನ್ನೇ ಮಲಗುವ ಹೊತ್ತಿಗೆ ಮಾತ್ರ ಇಳಿಸಿದರೆ ಕಿವಿ ಸೋಂಕೂ ಕಡಿಮೆ, ಕುದಿಸುವ ಕೆಲಸವೂ ಕಡಿಮೆ.

ಚೆನ್ನಾಗೇ ಕಾಣುತ್ತೆ. ಆದ್ರೂ ಬದಲಾಯಿಸಬೇಕಾ?

ಹೆಚ್ಚಿನ ಕಂಪನಿಗಳು ಒಂದೆರಡು ತಿಂಗಳಿಗೊಮ್ಮೆ ಬದಲಿಸಿ ಅನ್ನುತ್ತವೆ. ವ್ಯಾಪಾರಕ್ಕೆ ಹೇಳುತ್ತಾರೆ ಅನ್ನಬೇಡಿ, ದಿನಾ ಕುದಿಸಿದ್ದು ಸವೆಯುತ್ತದೆ. ಪ್ರತಿ ಸಲ ಕೊಡುವ ಮುಂಚೆ ಒಂದು ಕೈಯಲ್ಲಿ ಬಿಲ್ಲೆ, ಇನ್ನೊಂದರಲ್ಲಿ ತುದಿ ಹಿಡಿದು ಎಲ್ಲ ದಿಕ್ಕಿಗೂ ಜಗ್ಗಿ ನೋಡಿ. ಹಲ್ಲು ಬಂದ ಮಗುವಾದರೆ ಇದು ಕಡ್ಡಾಯ. ಸಣ್ಣ ಸೀಳು, ಹಲ್ಲಿನ ಗುರುತು, ಅಂಟಂಟು, ಉಬ್ಬು, ಹೋಗದ ವಾಸನೆ, ಯಾವುದೇ ಕಂಡರೂ ಅವತ್ತೇ ಕಸಕ್ಕೆ. ಸೀಳಿದ ತುದಿ ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅವಳಿ ಮಕ್ಕಳು. ಒಂದೇ ಸೆಟ್ ಇಬ್ಬರಿಗೂ ನಡೆಯುತ್ತಾ? ದೊಡ್ಡವನದ್ದು ಉಳಿದಿದೆ, ಚಿಕ್ಕವಳಿಗೆ ಕೊಡಬಹುದಾ?

ಅವಳಿಗಳಿಗೆ ಬೇರೆ ಬೇರೆ ಬಣ್ಣದ ರಿಂಗಿನದ್ದು ತನ್ನಿ, ಡಬ್ಬಿಯೂ ಬೇರೆ ಇರಲಿ. ಒಟ್ಟಿಗೆ ಕುದಿಸಬಹುದು. ಬಳಸುವಾಗ ಬದಲಾದರೆ ಒಬ್ಬನ ನೆಗಡಿ ಇಬ್ಬರಿಗೂ. ಬದಲಾಗಿ ಹೋಗಿದ್ದರೆ ಗಾಬರಿ ಬೇಡ, ಕುದಿಸಿ ಮತ್ತೆ ಶುರು ಮಾಡಿ. ದೊಡ್ಡವನು ಬಳಸಿದ್ದು ಬೇಡ. ಪ್ಯಾಕ್ ಒಡೆಯದೇ ಉಳಿದಿದ್ದರೆ, ಅಳತೆ ಚಿಕ್ಕವಳ ವಯಸ್ಸಿಗೆ ಸರಿ ಇದ್ದರೆ, ತೊಳೆದು ಕುದಿಸಿ ಕೊಡಿ. ರಬ್ಬರಿನದ್ದಾದರೆ ಪ್ಯಾಕ್ ಒಡೆಯದಿದ್ದರೂ ಜಗ್ಗಿ ನೋಡಿ, ಇಟ್ಟಲ್ಲೇ ಹಳತಾಗಿರುತ್ತದೆ.